ಎರಡನೇ ಪೆಟ್ಟಿಗೆಯ ನೆಲಸಿಳ್ಳಾರ

ಮೇಡಂ ನನಗೆ ಕೊಟ್ಟಿದ್ದ ಹಾಳೆಯಲ್ಲಿ ನಿಯಮಗಳು ನಾಲ್ಕೇ ಇದ್ದವು. ಸದ್ದು ಹಿಡಿಯುವ ಪೆಟ್ಟಿಗೆಯ ಹತ್ತಿರ ಬೀಡಿ ಸೇದಬಾರದು. ಮರಕ್ಕೆ ಮೊಳೆ ಹೊಡೆಯಬಾರದು, ಪಟ್ಟಿ ಸುತ್ತಿಯೇ ಬಿಗಿಯಬೇಕು. ಕಾರ್ಡು ಬದಲಿಸಿದ ಹೊತ್ತನ್ನು ಅಲ್ಲೇ ನಿಂತು ಬರೆಯಬೇಕು, ರೂಮಿಗೆ ಬಂದು ಅಂದಾಜಿನಲ್ಲಿ ತುಂಬಬಾರದು. ನಾಲ್ಕನೆಯದು, ಹಕ್ಕಿಯನ್ನು ಕರೆಯಬಾರದು. ಮೊದಲ ಮೂರನ್ನು ನಾನು ಆ ಬೇಸಿಗೆಯುದ್ದಕ್ಕೂ ಚಾಚೂ ತಪ್ಪದೆ ಪಾಲಿಸಿದೆ. ಮೊದಲನೆಯದಕ್ಕೆ ನನ್ನನ್ನು ಹೊಗಳಬೇಡಿ, ನನಗೆ ಬೀಡಿಯ ಅಭ್ಯಾಸವೇ ಇಲ್ಲ.

ಕೆಲಸ ಹೀಗಿತ್ತು. ತೆರಕಣಾಂಬಿ ದಾಟಿ ಬೆಟ್ಟದ ಬುಡಕ್ಕೆ ಹೋದರೆ ಒಂದು ಹಳ್ಳ ಸಿಗುತ್ತದೆ. ಮಳೆಗಾಲದಲ್ಲಿ ಮಾತ್ರ ನೀರು. ಉಳಿದಂತೆ ಮರಳು, ಬಂಡೆ, ಎರಡೂ ದಡಕ್ಕೆ ಬಿದಿರು, ಹೊಂಗೆ, ಅವುಗಳ ಕುತ್ತಿಗೆಯವರೆಗೆ ಹಬ್ಬಿದ ಲಂಟಾನ. ಊರಿನ ಸಮಿತಿಯವರು ಆ ಲಂಟಾನವನ್ನು ಬುಡಸಮೇತ ತೆಗೆಸಬೇಕೆಂದು ತೀರ್ಮಾನಿಸಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಅದರ ಕೆಳಗೆ ಹುಲ್ಲು ಹುಟ್ಟುವುದಿಲ್ಲ, ದನಕ್ಕೆ ಮೇವಿಲ್ಲ, ಹಂದಿಗಳು ಹಗಲೆಲ್ಲ ಅಲ್ಲಿ ಮಲಗಿದ್ದು ಸಂಜೆ ಹೊಲಕ್ಕೆ ಇಳಿಯುತ್ತವೆ. ಮೇಡಂ ಕೂಡ ತೆಗೆಯಿರಿ ಎನ್ನುವವರೇ. ಅವರ ತಕರಾರು ‘ಯಾವಾಗ’ ಎನ್ನುವುದರ ಬಗ್ಗೆ ಮಾತ್ರ. ಒಂದು ಕಾಲಕ್ಕೆ ಆ ಹಳ್ಳದಲ್ಲಿ ನೆಲಸಿಳ್ಳಾರ ಎಂಬ ಹಕ್ಕಿ ಗೂಡು ಕಟ್ಟುತ್ತಿತ್ತು. ಎರಡು ವರ್ಷ ಹುಡುಕಿದರೂ ಅವರಿಗೆ ಅದು ಸಿಕ್ಕಿರಲಿಲ್ಲ. ಈ ವರ್ಷ ಇದೆ ಎಂದು ತೋರಿಸಿದರೆ, ಮರಿಗಳು ಹಾರುವವರೆಗೆ, ಅಂದರೆ ಮಳೆಗಾಲ ಮುಗಿಯುವವರೆಗೆ ಸಮಿತಿ ಕಾಯಲು ಒಪ್ಪಿತ್ತು. ಇಲ್ಲವಾದರೆ ಜೂನ್‌ನಲ್ಲೇ ಕತ್ತಿ ಇಳಿಯುತ್ತದೆ.

ಇದಕ್ಕೆ ನಾನೇ ಏಕೆ ಬೇಕಾಯಿತು ಎಂದರೆ, ನಾನು ಮಿಮಿಕ್ರಿಯವನು. ಬೇಗೂರಿನ ಮದುವೆ ಆರತಕ್ಷತೆಗಳಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ, ಊಟಕ್ಕೆ ಎಲೆ ಹಾಕುವುದು ತಡವಾದಾಗ ನನ್ನನ್ನು ವೇದಿಕೆಗೆ ತಳ್ಳುತ್ತಾರೆ. ತಮಿಳು ಮಿಶ್ರಿತ ಕನ್ನಡದಲ್ಲಿ ಈರುಳ್ಳಿ ಚೌಕಾಸಿ ಮಾಡುವ ವ್ಯಾಪಾರಿ, ಚೆಂಡುಹೂವಿನ ಹೊಲಕ್ಕೆ ಇಳಿದು ಫೋಟೋ ತೆಗೆಸಿಕೊಳ್ಳುವ ಕೇರಳದ ಪ್ರವಾಸಿ, ಮಾತಿಗಿಂತ ಕೆಮ್ಮೇ ಜಾಸ್ತಿ ಇರುವ ಮುಖ್ಯೋಪಾಧ್ಯಾಯರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ಅಂಥ ಒಂದು ಆರತಕ್ಷತೆಯಲ್ಲೇ ಮೇಡಂ ನನ್ನ ಮಿಮಿಕ್ರಿ ಕೇಳಿದ್ದು. ಅವರು ಚಾಮರಾಜನಗರದವರು, ಹಕ್ಕಿಗಳ ದನಿಯ ಮೇಲೆ ಸಂಶೋಧನೆ ಮಾಡುತ್ತಿದ್ದವರು. ಹಿಂದಿನ ಸಾಲಿನಲ್ಲಿ ಕೂತು ನಗದೇ ಇದ್ದವರು ಅವರೊಬ್ಬರೇ. ಕೆಳಗಿಳಿದ ಮೇಲೆ ಹತ್ತಿರ ಕರೆದು, “ಕಾಜಾಣ ಕೂಗೋದು ಮಾಡಿದೆಯಲ್ಲ, ಮಧ್ಯದಲ್ಲಿ ಒಂದು ಸ್ವರ ಜಾಸ್ತಿ ಆಯ್ತು” ಅಂದರು. ತಪ್ಪು ಹಿಡಿದವರನ್ನು ನಾನು ಸುಮ್ಮನೆ ಬಿಡುವುದಿಲ್ಲ. ಮಾರನೇ ವಾರವೇ ಅವರ ಹತ್ತಿರ ಕೆಲಸಕ್ಕೆ ಸೇರಿದೆ.

ಗುಂಡ್ಲುಪೇಟೆಯಲ್ಲಿ ಅವರ ಬಾಡಿಗೆ ರೂಮಿನಲ್ಲಿ ಮೊದಲ ಹದಿನೈದು ದಿನ ಪಾಠ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಪ್ರಪಂಚದ ಸಿಳ್ಳಾರಗಳನ್ನೆಲ್ಲ ಕೇಳಿಸಿದರು. ನಮ್ಮ ಹಕ್ಕಿಯನ್ನು ಗುರುತಿಸಬೇಕಾದರೆ ಅದರ ಬಳಗ ಪರಿಚಯವಿರಬೇಕು ಎನ್ನುವುದು ಅವರ ವಾದ. ಬಳಗವೋ, ಊರೂರಿಗೂ ಹರಡಿಕೊಂಡಿದೆ. ಯುರೋಪಿನ ತೋಟಗಳಲ್ಲಿ ಒಂದು ಚುಕ್ಕಿ ಎದೆಯ ಸಿಳ್ಳಾರವಿದೆಯಂತೆ, ಆಡಿದ ಮಾತನ್ನೇ ಎರಡು ಮೂರು ಸಲ ಆಡಿ ಮುಂದಕ್ಕೆ ಹೋಗುತ್ತದೆ, ಬಸವನಹುಳುವನ್ನು ಕಲ್ಲಿಗೆ ಬಡಿದು ತಿನ್ನುತ್ತದೆ. “ನಮ್ ಸಮಿತಿ ಅಧ್ಯಕ್ಷರು ಮೇಡಂ” ಅಂದೆ. ಇನ್ನೊಂದು ಸಿಳ್ಳಾರ ತನ್ನ ಗೂಡಿನ ಹತ್ತಿರ ಬಂದವರ ಮೇಲೆ ಗುಂಪಾಗಿ ಹಿಕ್ಕೆ ಹಾಕಿ ಓಡಿಸುತ್ತದೆ. ಅದಕ್ಕೂ ನನ್ನ ಹತ್ತಿರ ಒಬ್ಬರು ಸಂಬಂಧಿಕರಿದ್ದರು, ಮೇಡಂ ಹೇಳಲು ಬಿಡಲಿಲ್ಲ. ಅಮೆರಿಕದ ಕೆಂಪೆದೆಯದು ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ತಲೆ ಓರೆ ಮಾಡಿ ಎರೆಹುಳುವಿಗೆ ಹೊಂಚು ಹಾಕುತ್ತದೆ. ಈ ಓಡುವುದು, ನಿಲ್ಲುವುದು, ತಲೆ ಓರೆ ಮಾಡುವುದು ಇಡೀ ಬಳಗದ ನಡಿಗೆ. ನಮ್ಮ ಬೆಟ್ಟಗಳ ದೊಡ್ಡ ನೀಲಿ ಸಿಳ್ಳಾರವನ್ನು ನಾನು ಮೊದಲೇ ಕೇಳಿದ್ದೆ. ಹಾಡಿನ ಧಾಟಿ ಮರೆತುಹೋದರೂ ಸೀಟಿ ನಿಲ್ಲಿಸದ ಮನುಷ್ಯನ ಹಾಗೆ ಅದು ಎಲ್ಲಿಂದೆಲ್ಲಿಗೋ ಹೋಗುತ್ತದೆ.

“ಎಲ್ಲಾ ಹಾಡೋ ಹಕ್ಕಿಗಳಿಗೂ ಗಂಟಲಿನ ಬುಡದಲ್ಲಿ ಎರಡು ಕವಲು ಇರುತ್ತೆ” ಎಂದು ಮೇಡಂ ಕಾಗದದ ಮೇಲೆ ಬರೆದು ತೋರಿಸಿದರು. “ಸಿಳ್ಳಾರಗಳು ಅದರಲ್ಲಿ ಉಸ್ತಾದರು. ಒಂದು ಕವಲಲ್ಲಿ ಒಂದು ಸ್ವರ, ಇನ್ನೊಂದರಲ್ಲಿ ಇನ್ನೊಂದು, ಎರಡೂ ಒಂದೇ ಸಲ. ನಿನ್ನ ಕೈಲಿ ಆಗಲ್ಲ.”

ಒಂದು ವಾರ ಕನ್ನಡಿಯ ಮುಂದೆ ಪ್ರಯತ್ನಿಸಿದೆ. ಆಗಲಿಲ್ಲ.

ಕೊನೆಗೆ ನೆಲಸಿಳ್ಳಾರವನ್ನು ಕೇಳಿಸಿದರು. ಮೈನಾದಷ್ಟು ಗಾತ್ರ. ತಲೆ, ಎದೆ ಕಿತ್ತಳೆ ಬಣ್ಣ, ಬೆನ್ನು ನೀಲಿ ಬೂದು, ಬಿಳಿ ಕೆನ್ನೆಯ ಮೇಲೆ ಇಳಿಬಿದ್ದ ಎರಡು ಕಪ್ಪು ಗೆರೆ. ದಟ್ಟ ಪೊದೆಯ ಕೆಳಗೆ ತರಗೆಲೆ ಮಗುಚಿ ಹುಳು ತಿನ್ನುತ್ತದೆ. ವರ್ಷದ ಬಹುಪಾಲು ಬಾಯಿ ಬಿಡುವುದಿಲ್ಲ. ಮೊದಲ ಮಳೆ ಬಿದ್ದ ಮೇಲೆ ಬೆಳಗಿನ ಜಾವ ಹಾಡಲು ಕೂತರೆ, ತನ್ನ ಹಾಡಿನ ನಡುವೆ ಪಿಕಳಾರ, ಹರಟೆಮಲ್ಲ, ಟುವ್ವಿ, ಅಕ್ಕಪಕ್ಕದವರನ್ನೆಲ್ಲ ಅಣಕಿಸುತ್ತದೆ.

“ಮೇಡಂ, ಇವ್ನು ನಮ್ ಕಸುಬಿನವನು” ಅಂದೆ.

“ಅವನು ದಿನಾ ಐದಕ್ಕೆ ಏಳ್ತಾನೆ. ನೀನು ಏಳ್ತೀಯಾ ನೋಡೋಣ” ಅಂದರು.

ಮಾರ್ಚ್ ಕೊನೆಯಲ್ಲಿ ಹಳ್ಳದ ಉದ್ದಕ್ಕೂ ಮೂರು ಪೆಟ್ಟಿಗೆ ಕಟ್ಟಿದೆವು, ಕೆಳಗೊಂದು, ನಡುವೆ ಒಂದು, ಮೇಲೊಂದು. ಹಸಿರು ಬಣ್ಣದ, ಟಿಫನ್ ಡಬ್ಬಿಯಷ್ಟು ದೊಡ್ಡ ರೆಕಾರ್ಡರ್‌ಗಳು. ಬೆಳಿಗ್ಗೆ ಐದೂವರೆಯಿಂದ ಎಂಟೂವರೆವರೆಗೆ, ಸಂಜೆ ಒಂದೂವರೆ ಗಂಟೆ ಕಾಲ, ತಾವೇ ಎಚ್ಚರವಾಗಿ ಸುತ್ತಲಿನ ಸದ್ದನ್ನೆಲ್ಲ ಕಾರ್ಡಿಗೆ ತುಂಬಿಕೊಳ್ಳುತ್ತವೆ. ಐದು ದಿನಕ್ಕೊಮ್ಮೆ ನಾನು ಹೋಗಿ ಬ್ಯಾಟರಿ, ಕಾರ್ಡು ಬದಲಿಸಬೇಕು. ಜೊತೆಗೆ ಒಬ್ಬ ವಾಚರ್ ಅಣ್ಣ, ಆ ಬೆಟ್ಟದ ಬುಡದಲ್ಲೇ ಹುಟ್ಟಿ ಬೆಳೆದವರು, ಆನೆ ಬಂದಿದೆಯೋ ಇಲ್ಲವೋ ಎಂದು ಮೂಗಿನಲ್ಲೇ ಹೇಳಬಲ್ಲವರು. ನಾನು ಹಳ್ಳಕ್ಕೆ ಇಳಿದರೆ ಅವರು ದಡದ ಮೇಲೆ ಬೈಕಿನ ಹತ್ತಿರ ಕಾವಲು.

ಮೊದಲ ತಿಂಗಳು ಪೂರ್ತಿ ಸೋಲು. ಮೈಕಿನ ಬಾಯಿಗೆ ಹಾಕಿದ ಸ್ಪಂಜಿನೊಳಗೆ ಇರುವೆ ಸಂಸಾರ ಹೂಡಿ, ಹದಿನೈದು ಗಂಟೆಯ ರೆಕಾರ್ಡಿಂಗಿನಲ್ಲಿ ಬರೀ ಕರಕರ ಸದ್ದು. ಸ್ಪಂಜಿನ ಸುತ್ತ ಬೇವಿನೆಣ್ಣೆ ಸವರಿದೆವು. ಮೇಲಿನ ಪೆಟ್ಟಿಗೆಯ ಪಟ್ಟಿಯನ್ನು ಮುಸುವ ಬಿಚ್ಚಿ ಕೆಳಗೆ ಎಸೆದಿತ್ತು. ಉಳಿದ ದಿನಗಳಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು, ಹಕ್ಕಿ ಮಾತ್ರ ಇರಲಿಲ್ಲ. ರೂಮಿನಲ್ಲಿ ಕೂತು ಗಂಟೆಗಟ್ಟಲೆ ಕೇಳುತ್ತಿದ್ದೆ. ಹರಟೆಮಲ್ಲಗಳ ಜಗಳ, ನವಿಲು, ದೂರದ ಟ್ರ್ಯಾಕ್ಟರ್, ಗಾಳಿ. ಹಾಳೆಯಲ್ಲಿ ಪ್ರತಿ ಸಾಲಿನ ಮುಂದೆ ‘ಇಲ್ಲ’. ಮೇ ಮೊದಲ ವಾರ ಮಳೆ ಬಿತ್ತು, ಹಾಡುವ ಕಾಲ ಬಂತು. ಆಗಲೂ ‘ಇಲ್ಲ’. ಮೇಡಂ ಬಯ್ಯುತ್ತಿದ್ದರೆ ಸಹಿಸಬಹುದಿತ್ತು. ಅವರು ಹಾಳೆ ನೋಡಿ, ಮಡಚಿ, ಫೈಲಿಗೆ ಸೇರಿಸಿ, “ಟೀ ಕುಡಿದು ಬಾರಪ್ಪ” ಅನ್ನುತ್ತಿದ್ದರು. ಮೂರನೇ ವರ್ಷದ ‘ಇಲ್ಲ’ ಹೇಗಿರುತ್ತದೆ ಎಂದು ಅವರ ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು.

ನಾಲ್ಕನೇ ನಿಯಮವನ್ನು ಮುರಿದದ್ದು ಆ ವಾರವೇ.

ನಡುವಿನ ಪೆಟ್ಟಿಗೆಗೆ ಕಾರ್ಡು ಹಾಕಿ, ಸ್ವಿಚ್ ಒತ್ತಿ, ಹೊತ್ತು ಬರೆದು, ನೂರು ಹೆಜ್ಜೆ ಕೆಳಗೆ ಒಂದು ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದೆ. ಇನ್ನೂ ಆರೂವರೆ. ಹಕ್ಕಿ ಇದ್ದರೆ ಒಂದು ಸಲ ಬಂದು ಇಣುಕಲಿ ಎಂಬ ಆಸೆ. ಹಾಡಿದೆ. ಹೆಡ್‌ಫೋನಿನಲ್ಲಿ ಕಲಿತ ನೆಲಸಿಳ್ಳಾರದ ಹಾಡನ್ನು, ನಡುನಡುವೆ ಪಿಕಳಾರ, ಟುವ್ವಿ ಸೇರಿಸಿ, ಕೊನೆಗೆ ನನ್ನದೇ ಒಂದು ಚೇಷ್ಟೆ: ಬಸ್ ಕಂಡಕ್ಟರ್ ಸೀಟಿ, ಎರಡು ಗಿಡ್ಡ, ಒಂದು ಉದ್ದ. ಜನ ಚಪ್ಪಾಳೆ ತಟ್ಟುವುದು ಅದಕ್ಕೇ.

ದಡದ ಮೇಲಿಂದ ವಾಚರ್ ಅಣ್ಣ, “ಲೇ, ಯಾವ್ದಲಾ ಬಸ್ಸು? ನಾನೂ ಅತ್ಕತೀನಿ!” ಅಂದರು.

“ಗುಂಡ್ಲುಪೇಟೆ, ಗುಂಡ್ಲುಪೇಟೆ! ಬಾಗಲ ತವು ನಿಂತ್ಕಬ್ಯಾಡಿ, ಒಳೀಕ್ ಓಗಿ!”

“ಇನ್ನೊಂದ್ ಸಲ ಮಾಡ್ಲಾ. ಅಕ್ಕಿ ಬರ್ದಿದ್ರೂ ಬಸ್ಸಾದ್ರೂ ಬರ್ಲಿ.”

ಇನ್ನೊಂದು ಸಲ ಮಾಡಿದೆ. ಆಮೇಲೆ ಪ್ರತಿ ಐದನೇ ದಿನ ಮಾಡಿದೆ. ಪೆಟ್ಟಿಗೆಗೆ ಕೇಳಿಸಬಹುದು ಎಂಬ ಯೋಚನೆ ಬರಲಿಲ್ಲವೇ ಎಂದು ಕೇಳಬಹುದು. ನನ್ನ ಕಸುಬಿನವರಷ್ಟೇ ಮಾಡಬಲ್ಲ ತಪ್ಪು ಅದು. ಮೈಕ್ ಇಲ್ಲದೆ ನನ್ನ ಸೀಟಿ ಮದುವೆ ಛತ್ರದಲ್ಲಿ ನಾಲ್ಕನೇ ಸಾಲು ದಾಟುವುದಿಲ್ಲ. ಹತ್ತು ಸಲ ಕರೆಂಟ್ ಹೋದಾಗ ಕಂಡುಕೊಂಡಿದ್ದ ಸತ್ಯವದು. ಅಲ್ಲಿ ಫ್ಯಾನು, ಗದ್ದಲ, ರೇಷ್ಮೆ ಸೀರೆ, ನಾನೂರು ಜನ. ಇಲ್ಲಿ ಎರಡು ಕಡೆ ಬಂಡೆ, ನಡುವೆ ಬೆಳಗಿನ ಮೌನ. ಹಳ್ಳ ನನ್ನ ಸೀಟಿಯನ್ನು ಕೊಳವೆಯಲ್ಲಿ ಹಾಕಿದಂತೆ ಮೇಲಕ್ಕೆ ಸಾಗಿಸುತ್ತಿತ್ತು. ನೂರು ಹೆಜ್ಜೆ ಎಂದರೆ ದೂರ ಎಂದುಕೊಂಡಿದ್ದವನು ನಾನೊಬ್ಬನೇ.

ಮೇ ತಿಂಗಳಲ್ಲಿ ನನಗೆ ಸಾಲಾಗಿ ಕಾರ್ಯಕ್ರಮಗಳಿದ್ದವು. ಕೇಳುವ ಕೆಲಸವನ್ನು ಮೇಡಂ ಕಂಪ್ಯೂಟರಿಗೆ ವಹಿಸಿದರು. ನೆಲಸಿಳ್ಳಾರದ ಹಾಡಿನ ಆಕಾರವನ್ನು ಅದಕ್ಕೆ ತೋರಿಸಿದರೆ, ಗಂಟೆಗಟ್ಟಲೆ ಸದ್ದಿನಲ್ಲಿ ಅದೇ ಆಕಾರವಿರುವ ತುಂಡುಗಳನ್ನಷ್ಟೇ ಹುಡುಕಿ ಕತ್ತರಿಸಿ ಕೊಡುತ್ತದೆ, ಉಳಿದದ್ದನ್ನು ಯಾರೂ ಕೇಳಬೇಕಿಲ್ಲ. ಒಂದು ಮಧ್ಯಾಹ್ನ ಫೋನ್ ಬಂತು.

“ಎಲ್ಲಿದ್ದೀಯಾ?”

“ಚಂದಕವಾಡಿ ಮೇಡಂ. ಸ್ಕೂಲಲ್ಲಿ ಬೇಸಿಗೆ ಕ್ಯಾಂಪು.”

“ಸಿಕ್ತು ಕಣೋ.” ಅವರು ನನ್ನನ್ನು ‘ಕಣೋ’ ಎಂದದ್ದು ಅದೇ ಮೊದಲು. “ಎರಡನೇ ಪೆಟ್ಟಿಗೆ. ನಾಲ್ಕು ಕಾರ್ಡಲ್ಲೂ ಇದೆ. ಹಾಡ್ತಿದೆ.”

ಅವರು ಅಳುತ್ತಿದ್ದರು. ನಾನು ಮೈದಾನದಲ್ಲಿ ಒಬ್ಬನೇ ಕುಣಿದೆ. ನಿಜವಾಗಿ ಕುಣಿದೆ. ಯಾವ ಅನುಮಾನವೂ ಬರಲಿಲ್ಲ.

ಮಾರನೇ ದಿನ ರೂಮಿನಲ್ಲಿ ನನ್ನನ್ನು ಕೂರಿಸಿ, ವಾಚರ್ ಅಣ್ಣನನ್ನೂ ಕೂರಿಸಿ, ಸ್ಪೀಕರಿನಲ್ಲಿ ಹಾಕಿದರು. ಗಾಳಿಯ ಸದ್ದು. ಒಂದು ನವಿಲು. ಆಮೇಲೆ, ದೂರದಿಂದ, ತೇವವಾದ ಬಂಡೆಗಳ ನಡುವಿನಿಂದ ಹಾಡು ಬಂತು. ಎಷ್ಟು ಚೆನ್ನಾಗಿತ್ತೆಂದರೆ ಮೈ ಜುಮ್ಮೆಂದಿತು. ಪಿಕಳಾರ ಬಂತು, ಟುವ್ವಿ ಬಂತು. ಆಮೇಲೆ ಎರಡು ಗಿಡ್ಡ, ಒಂದು ಉದ್ದ.

ಬೇರೆಯವರನ್ನು ಅಣಕಿಸಿ ಸಿಕ್ಕಿಬಿದ್ದಿದ್ದೇನೆ, ಒಂದೆರಡು ಏಟೂ ತಿಂದಿದ್ದೇನೆ. ನನ್ನದೇ ದನಿಗೆ ಸಿಕ್ಕಿಬಿದ್ದದ್ದು ಅದೇ ಮೊದಲು. ವಾಚರ್ ಅಣ್ಣ ನನ್ನ ಮುಖ ನೋಡಿದರು, ತಕ್ಷಣ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

“ಕೊನೇದು ಕೇಳಿದ್ರಾ?” ಮೇಡಂ ಕಣ್ಣು ಹೊಳೆಯುತ್ತಿತ್ತು. “ಈ ಸ್ವರ ಬೇರೆ ಯಾವ ಊರಿನ ರೆಕಾರ್ಡಿಂಗಲ್ಲೂ ಇಲ್ಲ. ಈ ಹಳ್ಳದ ಹಕ್ಕಿಗಳು ಅದನ್ನ ತಾವೇ ಕಟ್ಟಿಕೊಂಡಿವೆ.”

ಬೈಕಿನಲ್ಲಿ ವಾಪಸ್ ಹೊರಟೆವು. ತೆರಕಣಾಂಬಿಯ ಟೀ ಅಂಗಡಿಯ ಮುಂದೆ ಇಳಿದ ಮೇಲೆ ವಾಚರ್ ಅಣ್ಣ, “ನಿಂದೇ ಅಲ್ವೇನ್ಲಾ ಅದು?” ಅಂದರು.

“ಊ ಅಣ್ಣ.”

“ಯೋಳ್ಬ್ಯಾಡ.”

“ಅಣ್ಣ…”

“ಸುಮ್ಕಿರು ಅಂದ್ನಲ್ಲ. ಈಗ ಸಮಿತಿಯವ್ರು ಮಳೆ ಮುಗಿಯೋ ಗಂಟ ಕಡಿಯಲ್ಲ ಅಂತರೆ. ಅಳ್ಳ ಉಳೀತದೆ. ಆವಮ್ಮನ್ಗೂ ಒಂದ್ ಸಂತೋಸ. ನಿನ್ ಬಾಯಿಂದ ಇಲ್ಲೀಗಂಟ ಯಾರ್ಗಾರಾ ಉಪ್ಕಾರ ಆಗಿತ್ತೇನ್ಲಾ? ಈಗಾಯ್ತು. ಬುಡು.”

ಬಿಟ್ಟೆ. ಒಂಬತ್ತು ದಿನ ಬಿಟ್ಟೆ. ಅಣ್ಣ ಹೇಳಿದ್ದರಲ್ಲಿ ಎಲ್ಲಿ ತಪ್ಪಿದೆ ಎಂದು ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ಸುಳ್ಳಿನಿಂದ ಹಳ್ಳ ಉಳಿಯುತ್ತಿತ್ತು. ನಿಜ ಹೇಳಿದರೆ ಕತ್ತಿ ಬರುತ್ತಿತ್ತು. ಆ ಒಂಬತ್ತು ದಿನ ಯಾರನ್ನೂ ಅಣಕಿಸಲಿಲ್ಲ. ಬೇಗೂರಿನ ಒಂದು ಆರತಕ್ಷತೆಯಲ್ಲಿ ವೇದಿಕೆ ಹತ್ತಿ ಸೀಟಿ ಹಾಕಲು ತುಟಿ ಮಡಚಿದರೆ ಬರೀ ಗಾಳಿ ಬಂತು. ಜನ ಅದೂ ಒಂದು ಐಟಂ ಎಂದು ನಕ್ಕರು.

ಹತ್ತನೇ ದಿನ ಮೇಡಂ ಒಂದು ಬರಹದ ಕರಡು ತೋರಿಸಿದರು. ವಿದೇಶದ ಸಿಳ್ಳಾರ ತಜ್ಞರಿಗೆಲ್ಲ ಕಳಿಸುವುದಿತ್ತು. ನಡುವೆ ಆ ದನಿಯ ಚಿತ್ರ, ಕಪ್ಪು ಹಿನ್ನೆಲೆಯಲ್ಲಿ ಮೂರು ಬಿಳಿ ಗೆರೆ, ಎರಡು ಗಿಡ್ಡ, ಒಂದು ಉದ್ದ. ಕೆಳಗೆ ಅವರ ಹೆಸರು. ಪಕ್ಕದಲ್ಲಿ ಸಹಾಯಕ ಎಂದು ನನ್ನ ಹೆಸರು. ನನ್ನ ಕಂಡಕ್ಟರ್ ಸೀಟಿಯನ್ನು ಅವರು ತಮ್ಮ ಮಾನ ಪಣಕ್ಕಿಟ್ಟು ಪ್ರಪಂಚದ ಮುಂದೆ ಇಡಲು ಹೊರಟಿದ್ದರು. ಎಂದಾದರೂ ಒಂದು ದಿನ ಯಾರೋ ಒಬ್ಬರು ಅದನ್ನು ಕೇಳಿ ನಗುತ್ತಾರೆ. ನಗುವುದು ಅವರನ್ನು ನೋಡಿ, ನನ್ನನ್ನಲ್ಲ.

“ಮೇಡಂ, ಇದನ್ನ ಕಳಿಸ್ಬೇಡಿ.”

“ಯಾಕೆ?”

ಸೀಟಿ ಹಾಕಿದೆ. ಮೊದಲಿನಿಂದ ಕೊನೆಯವರೆಗೆ, ಆ ಮೂರು ಸ್ವರ ಸೇರಿಸಿ. ಒಂಬತ್ತು ದಿನ ಬರದೇ ಇದ್ದದ್ದು ಆಗ ಎಲ್ಲೂ ತಡವರಿಸದೆ ಬಂತು.

ಅವರು ಎದ್ದು ಫೋನ್ ತಂದು ಎದುರಿಗಿಟ್ಟು, “ಇನ್ನೊಂದು ಸಲ” ಅಂದರು. ರೆಕಾರ್ಡ್ ಮಾಡಿ, ಕಂಪ್ಯೂಟರಿಗೆ ಹಾಕಿ, ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟರು. ಗೆರೆಗೆ ಗೆರೆ ಕೂತವು. ಎಲ್ಲೆಲ್ಲೂ ಒಂದೇ ಗೆರೆ. ಎರಡು ಕವಲಿನ ಗಂಟಲಾಗಿದ್ದರೆ ಅಲ್ಲಲ್ಲಿ ಎರಡು ಗೆರೆ ಇರಬೇಕಿತ್ತು. “ದೂರಕ್ಕೆ ಎರಡನೇದು ಅಳಿಸಿಹೋಗಿದೆ ಅಂತ ಅಂದ್ಕೊಂಡಿದ್ದೆ” ಅಂದರು, ಕಂಪ್ಯೂಟರಿಗೆ ಹೇಳುವಂತೆ.

“ಎಷ್ಟು ಸಲ?”

“ಐದು ಸಲ ಮೇಡಂ.”

“ನೀನು ಹಾಡಿದ ಮೇಲೆ ಮೂರು ಕಡೆ ಸಣ್ಣದಾಗಿ ಏನೋ ಉತ್ತರ ಕೇಳುತ್ತೆ. ಅದು?”

“ಬಂಡೆಯ ಮಾರುದನಿ ಇರಬೋದು. ಗೊತ್ತಿಲ್ಲ.”

“ಅದೇ. ಇನ್ನು ಯಾರಿಗೂ ಗೊತ್ತಾಗಲ್ಲ.” ಎರಡನೇ ಪೆಟ್ಟಿಗೆಯ ಮೇ ತಿಂಗಳ ಎಲ್ಲ ಕಡತಗಳನ್ನೂ ಆರಿಸಿ, ಪಕ್ಕಕ್ಕೆ ಎಳೆದು, ‘ಬಳಸಬಾರದು’ ಎಂದು ಹೆಸರಿಟ್ಟರು. ನನ್ನದು ಯಾವುದು, ನಿಜವಾದ ಹಕ್ಕಿಯದೇನಾದರೂ ಇದ್ದರೆ ಅದು ಯಾವುದು, ಬೇರ್ಪಡಿಸುವ ದಾರಿಯೇ ಉಳಿದಿರಲಿಲ್ಲ. ಒಂದು ಮಾತೂ ಬಯ್ಯಲಿಲ್ಲ. ನಾಲ್ಕನೇ ನಿಯಮ ಏಕಿತ್ತು ಎಂದು ಮಾತ್ರ ಹೇಳಿದರು. “ಅವನ ಜಾಗದಲ್ಲಿ ಇನ್ನೊಬ್ಬ ಗಂಡು ಬಂದು ಐದು ದಿನಕ್ಕೊಂದು ಸಲ ಜೋರಾಗಿ ಹಾಡಿದರೆ, ಇರುವವನು ಬಾಯಿ ಮುಚ್ಚಿಕೊಂಡು ಅಡಗಬಹುದು. ಇಲ್ಲ ಜಾಗ ಬಿಟ್ಟೇ ಹೋಗಬಹುದು. ನನಗೂ ಖಚಿತವಾಗಿ ಗೊತ್ತಿಲ್ಲ.”

ಸಮಿತಿಯ ಸಭೆಗೆ ನಾನೂ ಹೋದೆ. ಹೊಂಗೆ ಮರದ ಕೆಳಗೆ ಚಾಪೆ. ಮೇಡಂ ನನ್ನ ಹೆಸರು ಎತ್ತದೆ, “ನಮ್ಮ ಪುರಾವೆ ಬಿದ್ದುಹೋಯ್ತು. ಆದರೂ ಒಂದು ಮಳೆಗಾಲ ಕಾಯಿರಿ” ಎಂದು ಕೇಳಿದರು. ನಾನು ಎದ್ದು, ಬೀಳಿಸಿದವನು ನಾನೇ ಎಂದು ಹೇಳಿದೆ.

ಅಧ್ಯಕ್ಷರು ನನ್ನ ಕಡೆ ಬೆರಳು ಮಾಡಿದರು. “ಅಲ್ಲ ಕಣ್ಲಾ, ನಮ್ಮನ್ನ ಅಣಕುಸ್ದೆ, ಸರಿ. ನಮ್ ದನುನ್ ಅಣಕುಸ್ದೆ, ಸರಿ. ಆ ಅಕ್ಕಿ ಏನ್ ಮಾಡಿತ್ಲಾ ನಿಂಗೆ?” ಆಮೇಲೆ ಮೇಡಂ ಕಡೆ ತಿರುಗಿ, ದನಿ ತಗ್ಗಿಸಿ, “ಮೂರ್ ವರ್ಸ ಕಾದಿವಿ ಕಣವ್ವ. ಮೂರ್ ವರ್ಸ ಲಂಟಾನ ಬೆಳದದೆ. ಜನ ಗೊತ್ ಮಾಡಾಗದೆ, ದಿನ ಗೊತ್ ಮಾಡಾಗದೆ. ಇನ್ನೆಂಗ್ ನಿಲ್ಸನ?” ಅಂದರು.

ಅವರು ಕೇಳಿದ್ದರಲ್ಲಿ ಅನ್ಯಾಯವಿರಲಿಲ್ಲ.

ಜೂನ್ ಎರಡನೇ ವಾರ ಹದಿನಾಲ್ಕು ಹೆಂಗಸರು ಕತ್ತಿ, ಗುದ್ದಲಿ ಹಿಡಿದು ಕೆಳಗಿನಿಂದ ಶುರುಮಾಡಿದರು. ಮೊದಲು ಸುತ್ತಲಿನ ಬಳ್ಳಿ ಕಡಿಯುವುದು, ಆಮೇಲೆ ಬುಡಕ್ಕೆ ಗುದ್ದಲಿ ಹಾಕಿ ಬೇರು ಮೇಲೆತ್ತುವುದು, ತಲೆಕೆಳಗಾಗಿ ಒಣಗಲು ಬಿಡುವುದು. ಲಂಟಾನದ ಖಾರ ವಾಸನೆ ಹಳ್ಳದ ತುಂಬ. ಕಡಿಯುವ ಮೊದಲಿನ ಸದ್ದು, ಆಮೇಲಿನ ಸದ್ದು ಎರಡೂ ಬೇಕು ಎಂದು ಮೇಡಂ ಪೆಟ್ಟಿಗೆಗಳನ್ನು ಅಲ್ಲೇ ಬಿಟ್ಟಿದ್ದರು. ನಾನು ಕಡಿದ ಕೊಂಬೆ ಎಳೆಯುವ ಕೆಲಸ ಕೇಳಿ ಪಡೆದೆ. ಗುಂಪಿನ ಮೇಸ್ತ್ರಮ್ಮ ಮೊದಲ ದಿನವೇ ನನ್ನನ್ನು ವಿಚಾರಿಸಿಕೊಂಡಿದ್ದರು.

“ನೀನೇಯ, ಅಕ್ಕಿ ಆಗಿದ್ದಂವ?”

“ಊ ಕಣವ್ವ.”

“ಈಗೇನಾಗಿದ್ದೀ?”

“ಎಮ್ಮೆ” ಅಂದೆ. ಎಲ್ಲರೂ ನಕ್ಕರು. ಆ ವಾರ ನಾನು ಆಡಿದ ಒಂದೇ ತಮಾಷೆ ಅದು.

ಮೂರನೇ ದಿನ ಬೆಳಿಗ್ಗೆ ನಡುವಿನ ಪೆಟ್ಟಿಗೆಯಿಂದ ಮೇಲಕ್ಕೆ ಒಂದು ಮೂವತ್ತು ಹೆಜ್ಜೆ ಹೋಗಿರಬಹುದು. ಮೇಸ್ತ್ರಮ್ಮ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು.

“ಮಗಾ, ಬಾ ಇಲ್ಲಿ. ಗೂಡದೆ.”

ಲಂಟಾನದೊಳಗೆ ಮುಚ್ಚಿಹೋಗಿದ್ದ ಒಂದು ಎಳೆಯ ಹೊಂಗೆ, ನನ್ನ ಎದೆಯ ಎತ್ತರದಲ್ಲಿ ಕವಲು. ಅದರಲ್ಲಿ ಬೇರು, ಪಾಚಿ, ಮಣ್ಣು ಸೇರಿಸಿ ಮೆತ್ತಿದ ಬಟ್ಟಲು. ಒಳಗೆ ಮೂರು ಮೊಟ್ಟೆ, ತಿಳಿ ಬಣ್ಣ, ಮೇಲೆ ಕಂದು ಕೆಂಪು ಮಚ್ಚೆ. ಮೂರು ಕಡೆಯ ಮರೆ ಆಗಲೇ ಹೋಗಿತ್ತು. ಬಿಸಿಲು ನೇರವಾಗಿ ಬಟ್ಟಲಿಗೆ ಬೀಳುತ್ತಿತ್ತು.

ತಿರುಗಿ ನೋಡಿದೆ. ಹಸಿ ಮಣ್ಣು ಎದ್ದಿದ್ದ ಜಾಗದಲ್ಲಿ ಅದು ನಿಂತಿತ್ತು. ಕಿತ್ತಳೆ ತಲೆ, ಬಿಳಿ ಕೆನ್ನೆ, ಎರಡು ಕಪ್ಪು ಗೆರೆ. ನಾಲ್ಕು ಹೆಜ್ಜೆ ಓಡಿತು, ಗಕ್ಕನೆ ನಿಂತಿತು, ತಲೆ ಓರೆ ಮಾಡಿತು. ಹತ್ತು ಅಡಿ ದೂರ. ನಾನು ಜೀವಮಾನದಲ್ಲಿ ನೋಡಿದ ಮೊದಲ ನೆಲಸಿಳ್ಳಾರ. ಅದರ ಬಾಯಿಂದ ಒಂದು ಸದ್ದೂ ಬರಲಿಲ್ಲ. ಆಮೇಲೆ, ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿ ಹಾರಿ ಮೇಲಿನ ಬಿದಿರಿನ ಕಡೆ ಹೋಯಿತು.

ಕೆಲಸ ನಿಂತಿತು. ಹೇಳುವ ಮೊದಲೇ ಮೇಸ್ತ್ರಮ್ಮ ಹೆಂಗಸರನ್ನು ಕರೆದುಕೊಂಡು ಕೆಳಗಿಳಿದಿದ್ದರು. ಮೇಡಂ ಮಧ್ಯಾಹ್ನ ಬಂದರು. ಕಡಿದ ಕೊಂಬೆಗಳನ್ನು ನಾವೇ ಎಳೆದು ತಂದು, ಹೊಂಗೆಗೆ ಮುಟ್ಟದ ಹಾಗೆ ಸುತ್ತ ನಿಲ್ಲಿಸಿದೆವು. ಬಿಸಿಲಿಗೆ ಅವು ಎರಡೇ ಗಂಟೆಯಲ್ಲಿ ಬಾಡಿ ಜೋತುಬಿದ್ದವು. ಐವತ್ತು ಹೆಜ್ಜೆ ದೂರದ ಬಂಡೆಯ ಹಿಂದೆ ಕೂತು, ಸರದಿಯ ಮೇಲೆ ದುರ್ಬೀನಿನಲ್ಲಿ ಗೂಡು ಕಾದೆವು. ಮಾತಿಲ್ಲ, ಕೆಮ್ಮಿಲ್ಲ. ಅವತ್ತು ಸಂಜೆ ಹಕ್ಕಿ ಬರಲಿಲ್ಲ.

ಕಾವಲಿನ ಎರಡನೇ ದಿನ ಬೆಳಿಗ್ಗೆ ವಾಚರ್ ಅಣ್ಣ ಕಿವಿಯ ಹತ್ತಿರ, “ಒಂದ್ ಸಲ ಕೂಗ್ಲಾ. ನೀ ಕೂಗುದ್ರೆ ಬಂದ್ರೂ ಬರ್ಬೋದು” ಎಂದು ಪಿಸುಗುಟ್ಟಿದರು. ಮೇಡಂ ನನ್ನ ಕಡೆ ನೋಡಲಿಲ್ಲ. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಮೊಟ್ಟೆ ಕದಿಯುವ ಒಂದು ಮಟಪಕ್ಷಿ ಬಾಡಿದ ಕೊಂಬೆಗಳ ಮೇಲೆ ಉದ್ದ ಬಾಲ ಇಳಿಬಿಟ್ಟು ಕೂತಿತು. ಓಡಿಸಿದೆವು. ಮತ್ತೆ ಬಂತು. ಮತ್ತೆ ಓಡಿಸಿದೆವು. ಮೂರನೇ ದಿನ ಬೆಳಗಾದಾಗ ಬಟ್ಟಲಿನಲ್ಲಿ ಒಂದೇ ಮೊಟ್ಟೆ ಇತ್ತು. ಮೇಡಂ ಬೆರಳಿನ ಹಿಂಭಾಗದಿಂದ ಅದನ್ನು ಮುಟ್ಟಿದರು. ಅದು ತಣ್ಣಗಾಗಿತ್ತು. ಕೈಯನ್ನು ಕುರ್ತಾಗೆ ಒರೆಸಿಕೊಂಡು, ಪೆಟ್ಟಿಗೆ ಬಿಚ್ಚು ಎಂದು ಸನ್ನೆ ಮಾಡಿದರು.

ಹೊಂಗೆಯಿಂದ ಮೇಲಿನ ಹಳ್ಳವನ್ನು ಆ ವರ್ಷ ಮುಟ್ಟುವುದು ಬೇಡ ಎಂದು ಅಧ್ಯಕ್ಷರೇ ಹೇಳಿ ಕಳಿಸಿದರು. ಗೂಡು ಸಿಕ್ಕಿತ್ತು, ಪುರಾವೆ ಇತ್ತು. ಹಕ್ಕಿ ಮಾತ್ರ ಆ ಮಳೆಗಾಲದಲ್ಲಿ ಮತ್ತೆ ಯಾರಿಗೂ ಕಾಣಲಿಲ್ಲ.

ಎರಡನೇ ಪೆಟ್ಟಿಗೆಯ ಕೊನೆಯ ಕಾರ್ಡನ್ನು ಕಂಪ್ಯೂಟರಿಗೆ ಹಾಕಲಿಲ್ಲ. ಮೂವರೂ ಕೂತು ಕಿವಿಯಲ್ಲೇ ಕೇಳಿದೆವು. ಕತ್ತಿಯ ಏಟು. ಗುದ್ದಲಿ. ಹೆಂಗಸರ ಮಾತು, ನನ್ನ ಎಮ್ಮೆ, ನಗು. ಮೂರನೇ ದಿನದ ಬೆಳಿಗ್ಗೆ, ಮೇಸ್ತ್ರಮ್ಮ ಕೈ ಎತ್ತುವುದಕ್ಕೆ ಸ್ವಲ್ಪ ಮೊದಲು, ಎರಡು ಏಟುಗಳ ನಡುವೆ ಒಂದು ಸದ್ದು. ಹಾಡಲ್ಲ. ಸಣ್ಣಗೆ, ಹರಿತವಾಗಿ, ಒಂದೇ ಒಂದು ಕೀರಲು. ಅಷ್ಟು ಜನ ಅಲ್ಲಿದ್ದೆವು, ಯಾರಿಗೂ ಕೇಳಿಸಿರಲಿಲ್ಲ. ಮೇಡಂ ಚಿತ್ರವನ್ನು ಹಿಗ್ಗಿಸಿದರು. ಎರಡು ಗೆರೆ, ಒಂದರ ಮೇಲೊಂದು.

ಮೂರು ವರ್ಷದಲ್ಲಿ ಆ ಹಳ್ಳದಲ್ಲಿ ಸಿಕ್ಕ ನೆಲಸಿಳ್ಳಾರದ ದನಿ ಅದೊಂದೇ. ಮೇಡಂ ಅದನ್ನು ನಾಲ್ಕು ಸಲ ಹಾಕಿದರು, ಐದನೇ ಸಲ ಹಾಕಲಿಲ್ಲ.

ವಾಚರ್ ಅಣ್ಣ ನನ್ನ ಕಡೆ ವಾಲಿದರು. ನನ್ನ ತೊಡೆ ತಟ್ಟಿ, ಮೆಲ್ಲಗೆ, “ಎಂಗದೆ ಅದು, ಒಂದ್ ಸಲ ಮಾಡ್ಲಾ, ಕೇಳನ” ಅಂದರು.

“ಬರಲ್ಲ ಅಣ್ಣ.”

“ನಿಂಗ್ ಬರ್ದೇ ಇರದು ಯಾವ್ದಲಾ ಅದೆ?”

“ಇದು ಬರಲ್ಲ” ಅಂದೆ. ಎರಡನೇ ಗೆರೆ ನನ್ನ ಕೈಲಿ ಆಗುತ್ತಿರಲಿಲ್ಲ, ನಿಜ. ಮೊದಲನೆಯದು ಆಗಲೇ ಗಂಟಲಿಗೆ ಬಂದು ಕೂತಿತ್ತು. ಎದ್ದು ಹೋಗಿ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದೆ.